ಗೇಣು ದೂರದ ಖೋ

"ತಾಯಿ, ನೂರು ವರ್ಷದಿಂದ ಒಂದು ಸುಳ್ಳಾಡದೆ ಬಾಳಿದ ಮನೆತನವನ್ನು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ನಾಲ್ಕು ಜನರೆದುರು ಸುಳ್ಳುಗಾರರನ್ನಾಗಿ ಮಾಡಿದರೆ, ಅವಳಿಂದ ಕ್ಷಮೆ ಕೇಳಿಸದೆ ಬಿಡುವುದು ಸರಿಯೇ?"

ಇಂದುಮತಿ ಇನಾಮದಾರ ಈ ಪ್ರಶ್ನೆ ಕೇಳಿದಾಗ ಸೋಮವಾರ ಬೆಳಗಿನ ಒಂಬತ್ತು ಗಂಟೆ. ಪ್ರತಿ ಸೋಮವಾರದಂತೆ ಅವರು ಗುರುಮಾತೆಯ ಎರಡೂ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದರು. ಛತ್ರಿಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿದ್ದರು. ಈಗ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಅವರು ಗೋಡೆಗೆ ಒರಗಿ ಕೂತದ್ದನ್ನು ಆ ಮಠದಲ್ಲಿ ಯಾರೂ ನೋಡಿರಲಿಲ್ಲ.

ಗುರುಮಾತೆ ಆ ಗುಡ್ಡದ ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ವಯಸ್ಸು ಅರವತ್ತರ ಹತ್ತಿರ. ಎಲ್ಲಿಂದ ಬಂದವರು, ಯಾರ ಮಗಳು ಎಂದು ಯಾರೂ ಕೇಳಿರಲಿಲ್ಲ. ಕಾವಿ ಉಟ್ಟವರ ಹಿಂದಿನ ಹೆಸರು ಕೇಳುವುದು ಮರ್ಯಾದೆಯಲ್ಲ. ಅವರ ಮಾತಿನ ಶುದ್ಧಿ ಕೇಳಿ ಒಳ್ಳೆಯ ಮನೆಯಿಂದ ಬಂದವರೆಂದು ಇಂದುಮತಿ ತೀರ್ಮಾನಿಸಿದ್ದರು. ಗುರುಮಾತೆಯ ಅಂಗಾಲುಗಳ ಚರ್ಮ ಸುಲಿದು, ಅಲ್ಲಲ್ಲಿ ಬೆಳ್ಳಗೆ ಕಲೆಗಟ್ಟಿತ್ತು. ಅದು ಬರಿಗಾಲಿನಲ್ಲಿ ಮಾಡಿದ ಯಾತ್ರೆಗಳ ಗುರುತೆಂದೂ ಅವರೇ ತೀರ್ಮಾನಿಸಿದ್ದರು. ಊರಿನಲ್ಲಿ ಹತ್ತು ಜನಕ್ಕೆ ಹಾಗೆಂದು ಹೇಳಿಯೂ ಇದ್ದರು.

"ಮೊದಲಿನಿಂದ ಹೇಳು," ಎಂದರು ಗುರುಮಾತೆ.

ಇಂದುಮತಿ ಮೊದಲಿನಿಂದಲೇ ಹೇಳಿದರು. ಯಾವ ಮಾತನ್ನೂ ನಡುವಿನಿಂದ ಶುರುಮಾಡುವುದು ಅವರ ಅಭ್ಯಾಸವಾಗಿರಲಿಲ್ಲ.

ಇನಾಮದಾರರ ಮನೆತನ ಆ ಊರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಅವರ ಗಂಡನ ಮುತ್ತಜ್ಜ ಊರ ನಡುವೆ ಸಿಹಿನೀರಿನ ಬಾವಿ ತೋಡಿಸಿದವರು. ಅಜ್ಜ ಹೆಣ್ಣುಮಕ್ಕಳ ಶಾಲೆಗೆ ತಮ್ಮ ಮಾವಿನ ತೋಪು ಬಿಟ್ಟುಕೊಟ್ಟವರು. ಮಾವ ಎರಡು ಸಲ ಪುರಸಭೆಯ ಅಧ್ಯಕ್ಷರಾದವರು. ಎರಡು ಸಲವೂ ಎದುರಿಗೆ ಯಾರೂ ನಿಂತಿರಲಿಲ್ಲ. ಅತ್ತೆ ಮನೋರಮಾಬಾಯಿ ಊರಾಚೆಯ ಕೇರಿಗಳ ಮಕ್ಕಳಿಗಾಗಿ ಬಾಲಕ್ರೀಡಾ ಸಂಘ ಕಟ್ಟಿದವರು. ಆಟದ ನೆಪದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವುದು, ಶಾಲೆಯ ನೆಪದಲ್ಲಿ ಹೊಟ್ಟೆಗೆ ಹಾಕುವುದು, ಆಮೇಲೆ ಅವರನ್ನು ಒಂದು ದಡ ಮುಟ್ಟಿಸುವುದು ಸಂಘದ ಕೆಲಸ. ಸಂಘಕ್ಕೆ ಈಗ ನಲವತ್ತೇಳು ವರ್ಷ.

ಇಂದುಮತಿ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವರು. ಸುಳ್ಳು ಹೇಳಿದವರನ್ನು ಅಲ್ಲಿನ ಸಿಸ್ಟರುಗಳು ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ದಿನವೂ ಅವರ ಮೊಣಕಾಲು ಆ ನೆಲಕ್ಕೆ ತಾಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಹದಿನೆಂಟು ವರ್ಷದಿಂದ ಸಂಘವನ್ನು ಅವರೇ ನಡೆಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿರುತ್ತಿದ್ದರು. ಆರು ಗಂಟೆ ಐದು ನಿಮಿಷಕ್ಕೆ ಬಂದ ಮಗುವನ್ನು ವಾಪಸು ಕಳಿಸುತ್ತಿದ್ದರು. ಉಗುರು ನೋಡುತ್ತಿದ್ದರು, ಜಡೆ ನೋಡುತ್ತಿದ್ದರು, ಬೂಟಿನ ಲೇಸು ನೋಡುತ್ತಿದ್ದರು. ಅವರ ಶಿಸ್ತಿನ ಕೆಳಗೆ ಬೆಳೆದ ಹುಡುಗಿಯರಲ್ಲಿ ಈಗ ಇಬ್ಬರು ಪೊಲೀಸರು, ಒಬ್ಬಳು ನರ್ಸು.

"ವಾರ್ಷಿಕ ದಿನದಂದು ಮೊದಲ ಖೋ ಕೊಡುವುದು ನಮ್ಮ ಮನೆಯ ಹಿರಿಯ ಸೊಸೆ," ಎಂದು ಇಂದುಮತಿ ಮುಂದುವರಿಸಿದರು. "ಅತ್ತೆಯವರ ಕಾಲದಿಂದ ಬಂದ ರೂಢಿ. ಹುಡುಗಿಯರು ಅಂಕಣದಲ್ಲಿ ಸಾಲಾಗಿ ಕೂರುತ್ತಾರೆ. ನಾನು ಒಬ್ಬಳ ಹಿಂದೆ ನಿಂತು ಖೋ ಕೊಡುತ್ತೇನೆ. ಅವಳು ಎದ್ದು ಓಡುತ್ತಾಳೆ. ಆಟ ಶುರುವಾಗುತ್ತದೆ. ಹದಿನೆಂಟು ವರ್ಷದಲ್ಲಿ ಒಬ್ಬಳೂ ಕೂತೇ ಉಳಿದದ್ದಿಲ್ಲ. ಶನಿವಾರ ಹುಲಿಗೆಮ್ಮ ಕೂತೇ ಉಳಿದಳು."

"ಕೇಳಿಸಲಿಲ್ಲವೇನೋ."

"ಪೆಂಡಾಲಿನ ಕೊನೆಯ ಸಾಲಿಗೂ ಕೇಳಿಸಿತು ತಾಯಿ. ಎರಡನೆಯ ಸಲ ಕೊಟ್ಟೆ. ಅಲುಗಲಿಲ್ಲ. ಏನೇ, ಏಳು, ಎಂದೆ. ಕತ್ತು ಕೂಡ ತಿರುಗಿಸದೆ ಹೇಳಿದಳು: 'ನೀವು ಖೋ ಕೊಟ್ಟಿಲ್ರೀ ಮೇಡಂ.' ಅತಿಥಿಗಳು ನಕ್ಕರು. ಒಬ್ಬರು ಚಪ್ಪಾಳೆ ತಟ್ಟಿದರು. ನಾನು ಕೊಟ್ಟದ್ದನ್ನು ಕೊಡಲಿಲ್ಲ ಎಂದರೆ ಏನರ್ಥ? ನಾನು ಸುಳ್ಳಿ ಎಂದೇ ಅಲ್ಲವೇ?"

ಗುರುಮಾತೆ "ಆಮೇಲೆ?" ಎಂದರು.

"ರಾಜ್ಯ ತಂಡದ ಆಯ್ಕೆಗೆ ಅವಳ ಹೆಸರು ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ತಾಲ್ಲೂಕು ಕಚೇರಿ ಸೇರಬೇಕು. ಕಾಗದ ನನ್ನ ಚೀಲದಲ್ಲಿದೆ. ಸಹಿ ಹಾಕಿಲ್ಲ. ಎರಡು ಸಾಲು ಕ್ಷಮಾಪಣೆ ಬರೆದು ತಂದರೆ ಹಾಕುತ್ತೇನೆ ಎಂದು ಹೇಳಿ ಕಳಿಸಿದೆ. ನಿನ್ನೆ ಅವಳ ತಾಯಿ ಬಂದು ಅತ್ತು ಹೋದಳು. ಹುಡುಗಿ ಬರಲಿಲ್ಲ."

"ಹೆಸರು ಕಚೇರಿಗೆ ಹೋದರೆ ಅವಳಿಗೆ ಏನು ಸಿಗುತ್ತದೆ?"

"ಕ್ರೀಡಾ ವಸತಿ ಶಾಲೆಯಲ್ಲಿ ಜಾಗ. ಅವಳು ಆಯ್ಕೆಯಾಗುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಅವಳಂಥ ಓಟ ನಾನು ನೋಡಿಲ್ಲ."

"ಹೋಗದಿದ್ದರೆ?"

"ಈ ಬೇಸಿಗೆಯಲ್ಲಿ ಮದುವೆ ಮಾಡುತ್ತಾರೆ. ಸೋದರಮಾವ ಕಾದು ಕೂತಿದ್ದಾನೆ."

"ಇದೆಲ್ಲ ಗೊತ್ತಿದ್ದೂ ಸಹಿ ಹಾಕಿಲ್ಲ."

"ಗೊತ್ತಿದ್ದೇ ಹಾಕಿಲ್ಲ ತಾಯಿ. ಇವತ್ತು ಅವಳೊಬ್ಬಳಿಗೆ ಸಡಿಲಬಿಟ್ಟರೆ ನಾಳೆ ಉಳಿದವರೆಲ್ಲ ನನ್ನ ತಲೆಯ ಮೇಲೆ ಕೂರುತ್ತಾರೆ."

ಗುರುಮಾತೆ ಗೋಡೆಯ ಗಡಿಯಾರ ನೋಡಿದರು. ಒಂಬತ್ತೂಕಾಲು.

"ಒಂದು ಕತೆ ಹೇಳುತ್ತೇನೆ," ಎಂದರು. "ಹನ್ನೆರಡಕ್ಕೆ ಮೊದಲೇ ಮುಗಿಯುತ್ತದೆ. ಕೇಳು."

ಒಂದು ಊರಿನಲ್ಲಿ ದೊಡ್ಡ ಮನೆಯ ಹೆಂಗಸೊಬ್ಬಳಿದ್ದಳು. ಆ ಊರ ಹೊರಗೆ ಚರ್ಮ ಹದ ಮಾಡುವವರ ಕೇರಿ ಇತ್ತು. ಕೇರಿಯ ಹುಡುಗಿಯರು ಹದಿಮೂರು ತುಂಬುವಷ್ಟರಲ್ಲಿ ಸುಣ್ಣದ ಕುಣಿಗೆ ಇಳಿಯುತ್ತಿದ್ದರು. ತೊಗಲಿನ ಕೂದಲು ಬಿಡಿಸಲು ಸುಣ್ಣದ ನೀರಿನಲ್ಲಿ ನಿಂತು ತುಳಿಯಬೇಕು. ಮೊದಲ ವರ್ಷ ಅಂಗಾಲು ಬೆಂದು ಸುಲಿಯುತ್ತದೆ. ಎರಡನೆಯ ವರ್ಷ ಮತ್ತೆ ಸುಲಿಯುತ್ತದೆ. ಆಮೇಲೆ ಅವರು ನಡೆಯುತ್ತಾರೆ, ಓಡುವುದಿಲ್ಲ.

ದೊಡ್ಡ ಮನೆಯ ಹೆಂಗಸು ಇದನ್ನು ಒಂದು ದಿನ ಕಣ್ಣಾರೆ ಕಂಡಳು. ಆ ರಾತ್ರಿ ಆಕೆ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ಗಂಡನಿಗೆ, "ಆ ಮಕ್ಕಳು ಕುಣಿಗೆ ಇಳಿಯುವ ಮೊದಲು ಓಡಲಿ," ಎಂದಳು. ಗಂಡ ನಕ್ಕ. ಆಕೆಯ ಅತ್ತೆ ನಗಲಿಲ್ಲ. "ಕೇರಿಯ ಮಕ್ಕಳನ್ನು ಮುಟ್ಟಿ ಈ ಮನೆಯ ಹೊಸ್ತಿಲು ದಾಟಬೇಡ," ಎಂದಳು ಅತ್ತೆ. ಸೊಸೆ ಹದಿನೈದು ದಿನ ವಾದ ಮಾಡಿದಳು. ಕಡೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಸೊಸೆ ಮಕ್ಕಳಿಗೆ ಆಟ ಕಲಿಸಬಹುದು. ಆದರೆ ಮುಟ್ಟಬಾರದು. ದೂರ ನಿಂತು ಕಲಿಸಬೇಕು.

ಮೊದಮೊದಲು ಅದು ಅತ್ತೆಗೆ ಕೊಟ್ಟ ಮಾತಾಗಿತ್ತು. ಅತ್ತೆ ಎರಡೇ ವರ್ಷದಲ್ಲಿ ತೀರಿಕೊಂಡಳು. ಆ ಹೊತ್ತಿಗೆ ಅದು ಸೊಸೆಯದೇ ಅಭ್ಯಾಸವಾಗಿತ್ತು.

ಆಕೆ ಒಂಬತ್ತು ಹುಡುಗಿಯರನ್ನು ಆರಿಸಿದಳು. ಇಂಗ್ಲಿಷಿನ ನಿಯಮದ ಪುಸ್ತಕ ತರಿಸಿ ಓದಿ ಖೋ ಖೋ ಕಲಿಸಿದಳು. ಬೆಳಿಗ್ಗೆ ಶೇಂಗಾ ಬೆಲ್ಲ ಕೊಟ್ಟಳು. ತಲೆಗೆ ಎಣ್ಣೆ ಕೊಟ್ಟಳು. ಒಬ್ಬಳಿಗೆ ಜ್ವರ ಬಂದರೆ ಡಾಕ್ಟರನ್ನು ಕೇರಿಗೇ ಕರೆದೊಯ್ದಳು. ಬಾಗಿಲ ಹೊರಗೆ ನಿಂತು, ಡಾಕ್ಟರು ಹೊರಬರುವ ತನಕ ಕಾದಳು. ಆ ಊರಿನಲ್ಲಿ ಅಷ್ಟು ಮಾಡಿದವರು ಆಕೆಗಿಂತ ಹಿಂದೆ ಯಾರೂ ಇರಲಿಲ್ಲ.

ಖೋ ಕೊಡುವುದನ್ನು ಕಲಿಸುವಾಗ ಮಾತ್ರ ಒಂದು ತೊಡಕು ಬಂತು. ಕೂತವಳ ಬೆನ್ನಿಗೆ ಅಂಗೈ ತಾಗಿಸಿ ಖೋ ಎನ್ನಬೇಕು ಎಂದು ಪುಸ್ತಕದಲ್ಲಿತ್ತು. ಆಕೆ ಪುಸ್ತಕ ಮುಚ್ಚಿದಳು. ಕೈಯಲ್ಲಿ ಛತ್ರಿ ಇತ್ತು. ಛತ್ರಿಯ ತುದಿಯನ್ನು ಹುಡುಗಿಯ ಬೆನ್ನಿನ ಕಡೆ ಚಾಚಿ, ಒಂದು ಗೇಣು ದೂರದಲ್ಲೇ ನಿಲ್ಲಿಸಿ, "ಖೋ," ಎಂದಳು. ಹುಡುಗಿ ಎದ್ದು ಓಡಿದಳು.

ಇಂದುಮತಿಯವರ ಕಣ್ಣು ಬಾಗಿಲ ಕಡೆ ಹೋಯಿತು. ಚೌಕಟ್ಟಿಗೆ ಒರಗಿಸಿದ ಛತ್ರಿಗೆ ಬೆಳ್ಳಿಯ ಕಟ್ಟು ಇತ್ತು. ಕಟ್ಟಿನ ಮೇಲೆ ಅವರ ಅತ್ತೆಯ ಹೆಸರಿನ ಮೊದಲಕ್ಷರ ಇತ್ತು. ಶನಿವಾರ ಅವರು ಹುಲಿಗೆಮ್ಮನ ಬೆನ್ನಿನ ಕಡೆ ಚಾಚಿದ್ದೂ ಅದನ್ನೇ. ಮೊದಲ ಖೋ ಕೊಡುವಾಗ ಛತ್ರಿ ಹಿಡಿಯುವುದೂ ರೂಢಿಯೇ.

"ಇದು ನಮ್ಮ ಅತ್ತೆಯವರ ಕತೆ," ಎಂದರು ಇಂದುಮತಿ. "ಯಾರು ಹೇಳಿದರು ನಿಮಗೆ?"

"ಕತೆ ಮುಗಿಯಲಿ."

"ಅತ್ತೆಯವರು ಆ ಮಕ್ಕಳಿಗಾಗಿ ಜೀವ ಸವೆಸಿದವರು ತಾಯಿ."

"ಸವೆಸಿದರು. ಇಲ್ಲವೆಂದು ನಾನು ಹೇಳಲಿಲ್ಲ. ಕೇಳು."

ಒಂಬತ್ತು ಹುಡುಗಿಯರೂ ಆಕೆಯನ್ನು ನೋಡಿಯೇ ಖೋ ಕಲಿತರು. ಅವರ ಕೈಯಲ್ಲಿ ಛತ್ರಿ ಇರಲಿಲ್ಲ. ಬರಿಗೈ ಚಾಚಿ, ಬೆನ್ನಿಗೆ ಒಂದು ಗೇಣು ಇರುವಾಗ ನಿಲ್ಲಿಸಿ, ಖೋ ಎಂದರು. ಅದೇ ಸರಿಯಾದ ರೀತಿಯೆಂದು ತಿಳಿದರು. ತಾಗಿಸಲು ನಿಲ್ಲಬೇಕಾಗಿಲ್ಲದ್ದರಿಂದ ಅವರ ಆಟ ಗಾಳಿಯಂತೆ ಸಾಗುತ್ತಿತ್ತು. ಊರವರು ಬಂದು ನೋಡಿ ಬೆರಗಾದರು. "ನಮ್ಮ ಹುಡುಗಿಯರ ಖೋದಷ್ಟು ಚುರುಕು ಜಿಲ್ಲೆಯಲ್ಲಿಲ್ಲ," ಎಂದು ಆಕೆ ಹೇಳುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ.

ಮೂರನೆಯ ವರ್ಷ ಜಿಲ್ಲಾ ಪಂದ್ಯ ಬಂತು. ಗೆದ್ದ ತಂಡದ ಮೂವರಿಗೆ ಬೇರೆ ಊರಿನ ವಸತಿ ಶಾಲೆಯಲ್ಲಿ ಓದು, ಊಟ, ಆಟ. ಆ ಮೂವರಲ್ಲಿ ಒಬ್ಬಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗಿಯೊಬ್ಬಳಿದ್ದಳು. ಅವಳಿಗೆ ಹದಿಮೂರು ತುಂಬಲು ಎರಡು ತಿಂಗಳಿತ್ತು. ಅಕ್ಕ ಆಗಲೇ ಕುಣಿಗೆ ಇಳಿದಿದ್ದಳು. ಸಂಜೆ ಅಕ್ಕನ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುವುದು ಇವಳ ಕೆಲಸ. ಪಂದ್ಯಕ್ಕೆ ಹೊರಟ ಬೆಳಿಗ್ಗೆ ಅಕ್ಕ ಹೇಳಿದಳು: "ಗೆದ್ರ ಆ ಕಡೆಯಿಂದ ಆ ಕಡೆನ ಹೋಗಿಬಿಡು. ಈ ಕಡೆ ತಿರುಗಿ ನೋಡಬ್ಯಾಡ."

ಪಂದ್ಯ ಶುರುವಾಯಿತು. ಆ ಹುಡುಗಿ ಮೊದಲು ಬೆನ್ನಟ್ಟಿದಳು. ಓಡುವವಳು ಕೂತವರ ಸಾಲು ದಾಟಿ ಆಚೆ ತಪ್ಪಿಸಿಕೊಂಡಳು. ಹುಡುಗಿ ಹತ್ತಿರ ಕೂತವಳ ಬೆನ್ನಿಗೆ ಕೈ ಚಾಚಿ ಖೋ ಎಂದಳು. ಕೂತವಳು ಎದ್ದಳು. ತೀರ್ಪು ಕೊಡುವ ಪಂಚರು ಸೀಟಿ ಊದಿದರು. ತಪ್ಪು. ಎದ್ದವಳು ಮತ್ತೆ ಕೂರಬೇಕು. ಅಷ್ಟರಲ್ಲಿ ಓಡುವವಳು ಕಂಬ ಸುತ್ತಿ ದೂರ ಹೋಗಿದ್ದಳು.

ಮತ್ತೆ ಖೋ. ಮತ್ತೆ ಸೀಟಿ.

ಪಂಚರು ವಯಸ್ಸಾದ ಮೇಷ್ಟ್ರು. ಮೂರನೆಯ ಸಲ ಆಟ ನಿಲ್ಲಿಸಿ ಹತ್ತಿರ ಬಂದರು. "ತಂಗಿ, ಬೆನ್ನಿಗೆ ಕೈ ತಾಗಬೇಕು. ಬರೇ ಬಾಯಿಲೆ ಅಂದ್ರ ಖೋ ಆಗೂದಿಲ್ಲ."

ಸುತ್ತ ನಿಂತವರಿಗೆ ಇದು ಮೋಜಾಯಿತು. "ಬೆನ್ನಿಗೆ ಮುಳ್ಳು ಹುಟ್ಯಾವೇನ?" ಎಂದು ಒಬ್ಬ ಕೂಗಿದ. "ಮುಟ್ಟವಾ, ಕರೆಂಟ್ ಹೊಡಿಯಂಗಿಲ್ಲ!" ಎಂದು ಇನ್ನೊಬ್ಬ ಕೂಗಿದ. ಜನ ನಕ್ಕರು.

ಹುಡುಗಿಗೆ ಪಂಚರ ಮಾತು ತಿಳಿಯಿತು. ಮುಟ್ಟಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದವರಿಗೂ ಕೂಗಿ ಹೇಳಿದಳು. ಆದರೆ ಓಡುವಾಗ ತಲೆ ಹೇಳಿದ್ದನ್ನು ಕೈ ಕೇಳುವುದಿಲ್ಲ. ಕೈ ತಾನು ಕಲಿತದ್ದನ್ನೇ ಮಾಡುತ್ತದೆ. ಗೇಣು ದೂರ ಬಂದ ಕೂಡಲೇ ಕೈ ನಿಂತುಬಿಡುತ್ತಿತ್ತು. ಸೀಟಿ ಕೇಳಿಸುತ್ತಿತ್ತು. ಒಟ್ಟು ಹನ್ನೊಂದು ತಪ್ಪು. ಅದರಲ್ಲಿ ಆರು ಅವಳವು. ಒಂದೇ ಒಂದು ಅಂಕದಿಂದ ತಂಡ ಸೋತಿತು.

ಇಂದುಮತಿ ಮಾತಿಗೆ ಅಡ್ಡ ಬಂದರು. "ಈ ಪಂದ್ಯದ ವಿಷಯ ನನಗೆ ಗೊತ್ತು. ಅತ್ತೆಯವರು ಎಷ್ಟೋ ಸಲ ಹೇಳಿದ್ದಾರೆ. ಒಬ್ಬ ಹಠಮಾರಿ ಹುಡುಗಿಯಿಂದ ತಂಡ ಸೋತಿತು. ಸೋತ ಮೇಲೆ ಅವಳು ಅತ್ತೆಯವರಿಗೇ ಎದುರು ಮಾತಾಡಿದಳು. ಕ್ಷಮೆ ಕೇಳು ಎಂದರೆ ಮೈದಾನದಿಂದ ಓಡಿಹೋದಳು."

"ಹಠಮಾರಿ ಹೌದು," ಎಂದರು ಗುರುಮಾತೆ. "ಓಡಿಹೋದದ್ದು ಸುಳ್ಳು."

"ಅತ್ತೆಯವರು ಸುಳ್ಳು ಹೇಳುವವರಲ್ಲ!"

ಇಂದುಮತಿಯವರ ದನಿ ಆ ಮಠದಲ್ಲಿ ಅಷ್ಟು ಏರಿದ್ದು ಅದೇ ಮೊದಲು. ಹೊರಗೆ ಅಂಗಳ ಗುಡಿಸುತ್ತಿದ್ದವಳ ಪೊರಕೆ ನಿಂತಿತು. ಗುರುಮಾತೆ ಅದು ಮತ್ತೆ ಶುರುವಾಗುವ ತನಕ ಕಾದರು.

"ಎದ್ದು ಹೋಗುವುದಾದರೆ ಹೋಗು," ಎಂದರು. "ಇರುವುದಾದರೆ ಕೇಳು."

ಇಂದುಮತಿ ಎದ್ದು ಹೋಗಲಿಲ್ಲ. ಗಡಿಯಾರದಲ್ಲಿ ಹತ್ತು ಹೊಡೆಯಿತು.

ಸೋತ ಮೇಲೆ ಆ ದೊಡ್ಡ ಮನೆಯ ಹೆಂಗಸು ಪಂಚರ ಬಳಿ ಹೋಗಿ ವಾದ ಮಾಡಿದಳು. ಪಂಚರು ಪುಸ್ತಕ ತೆರೆದು ತೋರಿಸಿದರು. ಆಕೆ ಓದಿದ್ದ ಪುಸ್ತಕವೇ. ಆಕೆ ಮುಚ್ಚಿದ್ದ ಪುಟವೇ. ಸುತ್ತ ಜನ ಸೇರಿದ್ದರು. ಆಕೆಯ ಮುಖ ಕೆಂಪಾಯಿತು. ತಿರುಗಿ ಬಂದು ಆ ಹುಡುಗಿಯ ಎದುರು ನಿಂತಳು.

"ಯಾಕ ಮುಟ್ಟಲಿಲ್ಲ?"

"ನೀವು ಹೇಳಿಕೊಟ್ಟಂಗ ಮಾಡೇನ್ರಿ ಅವ್ವಾರ."

"ನಾ ತಪ್ಪು ಹೇಳಿಕೊಟ್ಟೆ ಅಂತೀ ಏನು? ಇಷ್ಟು ಮಂದಿ ಮುಂದ?"

ಹುಡುಗಿ ಪಂಚರ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿದಳು.

"ತಪ್ಪಾತು ಅನ್ನು. ಅಂದ್ರ ನಾಳೆ ಮೈದಾನಕ್ಕ ಬಾ. ಮುಂದಿನ ವರ್ಷ ಮತ್ತ ಪಂದ್ಯ ಐತಿ. ಅನ್ನದಿದ್ರ ಬರಬ್ಯಾಡ."

ಹುಡುಗಿಗೆ ಮೈದಾನ ಬಿಟ್ಟರೆ ಕುಣಿ. ಅದು ಅವಳಿಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

"ಅಂತೀನ್ರಿ ಅವ್ವಾರ," ಎಂದಳು ಹುಡುಗಿ. "ಆದ್ರ ನನಗ ಖೋ ಹೆಂಗ ಕೊಡೂದು ಇನ್ನೂ ಗೊತ್ತಾಗವಲ್ದು. ಒಂದ ಸಲ ನೀವ ಕೊಟ್ಟು ತೋರಸ್ರಿ. ಎದ್ದು ನಿಮ್ಮ ಕಾಲಿಗೆ ಬಿದ್ದು ತಪ್ಪಾತು ಅಂತೀನಿ."

ಹಾಗೆಂದು ಅವಳು ಖಾಲಿ ಅಂಕಣಕ್ಕೆ ನಡೆದಳು. ನಡುವಿನ ಚೌಕದಲ್ಲಿ ಆಟದಲ್ಲಿ ಕೂರುವಂತೆ ಕೂತಳು. ಬೆನ್ನು ಆಕೆಯ ಕಡೆ ಇತ್ತು.

ಕೇಳಿದ್ದು ದೊಡ್ಡದೇನೂ ಅಲ್ಲ. ಜನ ನೋಡುತ್ತಿದ್ದರು. ಈಗ ಯಾರೂ ನಗುತ್ತಿರಲಿಲ್ಲ. ಆಕೆ ಬಂದು ಹುಡುಗಿಯ ಹಿಂದೆ, ಸ್ವಲ್ಪ ಓರೆಯಾಗಿ ನಿಂತಳು. ಛತ್ರಿಯನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡಳು. ಸಂಜೆಯ ಬಿಸಿಲು ಇಬ್ಬರ ಬೆನ್ನ ಹಿಂದೆ ಇತ್ತು. ಹುಡುಗಿಯ ಎದುರಿನ ಮಣ್ಣಿನ ಮೇಲೆ ಅವಳ ನೆರಳು ಬಿದ್ದಿತ್ತು. ಅದರ ಪಕ್ಕ ಆಕೆಯ ನೆರಳು ಬಿದ್ದಿತ್ತು. ನೆರಳಿನ ಕೈ ಮೇಲೆದ್ದಿತು. ಮುಂದೆ ಬಂತು. ಹುಡುಗಿ ಉಸಿರು ಹಿಡಿದಳು. ಕೈಯ ನೆರಳು ಬೆನ್ನಿನ ನೆರಳನ್ನು ಮುಟ್ಟಿತು.

ಬೆನ್ನಿಗೆ ಏನೂ ತಾಗಲಿಲ್ಲ.

"ಖೋ," ಎಂದಳು ಆಕೆ.

ಹುಡುಗಿ ಏಳಲಿಲ್ಲ.

"ಖೋ ಅಂದ್ನೆಲ್ಲ. ಏಳು."

"ಕೊಟ್ಟಿಲ್ರೀ ಅವ್ವಾರ," ಎಂದಳು ಹುಡುಗಿ.

ಇಂದುಮತಿಯವರ ಕೈ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಗುರುಮಾತೆ ಅದನ್ನು ನೋಡಿದರು. ನೋಡಿಯೂ ನಿಲ್ಲಿಸಲಿಲ್ಲ.

ಆಕೆ ಕೈ ಹಿಂದೆ ತೆಗೆದುಕೊಂಡಳು. ಉಳಿದ ಎಂಟು ಹುಡುಗಿಯರನ್ನು ಟೆಂಪೋ ಹತ್ತಿಸಿದಳು. ತಾನು ಮುಂದೆ ಕೂತಳು. ಟೆಂಪೋ ಹೊರಟಿತು. ಹುಡುಗಿಗೆ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಖೋ ಸಿಗದೆ ಏಳಬಾರದೆಂದು ಅವಳಿಗೆ ಕಲಿಸಿದ್ದರು. ಆಕೆ ಕಲಿಸಿದ್ದರಲ್ಲಿ ಅದೊಂದು ಸರಿಯಾಗಿತ್ತು. ಟೆಂಪೋ ಕೆರೆಯ ಏರಿಯವರೆಗೂ ಹೋಗಿ ನಿಂತಿತು ಎಂದು ಆಮೇಲೆ ಬೇರೆ ಹುಡುಗಿಯರು ಹೇಳಿದರು. ಆಕೆ ಬಾಗಿಲು ತೆರೆದು ಕೆಳಗೆ ಒಂದು ಕಾಲಿಟ್ಟಳಂತೆ. ಮತ್ತೆ ಒಳಗೆ ತೆಗೆದುಕೊಂಡಳಂತೆ.

"ಮಗುವನ್ನು ಬಿಟ್ಟು ಬಂದರೇ?" ಎಂದರು ಇಂದುಮತಿ. "ಪರವೂರಿನಲ್ಲಿ? ಒಬ್ಬಳನ್ನೇ?"

"ಹದಿನಾರು ಮೈಲಿ ದೂರದ ಊರಿನಲ್ಲಿ."

"ಅವಳು ಓಡಿಹೋಗಲಿಲ್ಲ."

"ಓಡಲಿಲ್ಲ. ಕೂತಿದ್ದಳು."

ಇಂದುಮತಿ ತಲೆ ಎತ್ತದೆ ಕೇಳಿದರು. "ಎಷ್ಟು ಹೊತ್ತು?"

ಪಂಚರು ಸುಣ್ಣದ ಡಬ್ಬಿ, ಹಗ್ಗ ಎಲ್ಲ ಎತ್ತಿಟ್ಟು ಮೈದಾನದ ಗೇಟು ಹಾಕಲು ಬರುವ ತನಕ. ಆ ಮುದುಕರು ಅವಳ ಹಿಂದೆ ಬಂದು ನಿಂತರು. ಏನೂ ಕೇಳಲಿಲ್ಲ. ಬಗ್ಗಿ ಅವಳ ಬೆನ್ನಿನ ಮೇಲೆ ಅಂಗೈ ಇಟ್ಟರು. "ಖೋ, ಮಗಳ," ಎಂದರು. ಹುಡುಗಿ ಎದ್ದಳು. ಅವರ ಜೊತೆ ಬಸ್ ನಿಲ್ದಾಣಕ್ಕೆ ನಡೆದಳು. ಕೊನೆಯ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಹೇಳಿ, ಅವರು ತಮ್ಮ ದಾರಿ ಹಿಡಿದರು.

ಮರುದಿನ ಆರು ಗಂಟೆಗೆ ಹುಡುಗಿ ಮೈದಾನಕ್ಕೆ ಬಂದಳು. ಸಾಲಿನಲ್ಲಿ ನಿಂತಳು. ಆಕೆ ಎಲ್ಲರ ಉಗುರು ನೋಡಿದಳು. ಈ ಹುಡುಗಿಯ ಮುಂದೆ ಬಂದಾಗ ನಿಲ್ಲದೆ ಮುಂದಿನವಳ ಬಳಿಗೆ ಹೋದಳು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಹುಡುಗಿ ಬರಲಿಲ್ಲ. ಎರಡು ತಿಂಗಳ ಮೇಲೆ ಅವಳಿಗೆ ಹದಿಮೂರು ತುಂಬಿತು. ಅಕ್ಕನ ಪಕ್ಕದ ಕುಣಿಗೆ ಇಳಿದಳು. ಒಂಬತ್ತು ವರ್ಷ ತುಳಿದಳು.

ಗುರುಮಾತೆ ಮಾತು ನಿಲ್ಲಿಸಿದರು. ಕತೆ ಮುಗಿಯಿತೋ ಇಲ್ಲವೋ ಇಂದುಮತಿಯವರಿಗೆ ತಿಳಿಯಲಿಲ್ಲ. ಗಡಿಯಾರದಲ್ಲಿ ಹತ್ತೂವರೆ. ತಾಲ್ಲೂಕು ಕಚೇರಿಗೆ ಅರ್ಧ ಗಂಟೆಯ ದಾರಿ. ಹುಲಿಗೆಮ್ಮನ ಮನೆ ದಾರಿಯಲ್ಲೇ ಇತ್ತು. ಅವರ ಲೆಕ್ಕ ಯಾವಾಗಲೂ ಹಾಗೆಯೇ, ಕೇಳದಿದ್ದರೂ ನಡೆದುಬಿಡುತ್ತಿತ್ತು.

"ತಾಯಿ," ಎಂದರು. "ನಾನು ಮೊದಲೇ ಕೇಳಿದೆ, ನೀವು ಹೇಳಲಿಲ್ಲ. ಟೆಂಪೋದಲ್ಲಿ ಕೂತಿದ್ದ ಹುಡುಗಿಯರು ಯಾರಾದರೂ ಇದನ್ನು ಹೇಳಿರಬಹುದು ಅಂದುಕೊಂಡೆ. ಆದರೆ ಮಣ್ಣಿನ ಮೇಲಿನ ಆ ನೆರಳು ಅವರಿಗೆ ಕಂಡಿರಲಾರದು. ಅದು ಕಂಡದ್ದು ಅಲ್ಲಿ ಕೂತವಳೊಬ್ಬಳಿಗೆ. ಅವಳು ಈಗ ಎಲ್ಲಿದ್ದಾಳೆ?"

ಗುರುಮಾತೆ ಮಡಿಸಿದ್ದ ಕಾಲುಗಳನ್ನು ಬಿಡಿಸಿ ಚಾಪೆಯ ಮೇಲೆ ಮುಂದಕ್ಕೆ ಚಾಚಿದರು. ಕಾವಿಯ ಅಂಚು ಸರಿದು ಎರಡೂ ಅಂಗಾಲು ಬೆಳಕಿಗೆ ಬಂದವು. ಇಂದುಮತಿ ಹನ್ನೊಂದು ವರ್ಷದಿಂದ ಮುಟ್ಟಿದ ಪಾದಗಳು. ಬೆಂದು, ಸುಲಿದು, ಮತ್ತೆ ಬೆಂದು ಬೆಳ್ಳಗಾದ ಚರ್ಮ. ಅದು ಯಾವ ಯಾತ್ರೆಯ ಗುರುತೂ ಆಗಿರಲಿಲ್ಲ. ಸುಣ್ಣದ ನೀರಿನ ಗುರುತಾಗಿತ್ತು.

ಮಠಕ್ಕೆ ಬಂದ ದಿನದಿಂದ ಮೊದಲ ಸಲ ಇಂದುಮತಿಯವರ ಬೆನ್ನು ಗೋಡೆಗೆ ಒರಗಿತು.

ಗುರುಮಾತೆ ಹೇಳಿದರು: "ಈ ಕಾಲು ಮುಟ್ಟಿದ ಕೈಯಿಂದಲೇ ಹುಲಿಗೆಮ್ಮನ ಬೆನ್ನು ಮುಟ್ಟು, ಮುಟ್ಟಿ ಕ್ಷಮೆ ಕೇಳು."